ಹನ್ನೆರಡು ನೀರಿನ ಅಣು, ಹದಿನೈದು ಬಂಧ: ಮರದ ಗುಂಡು ಮತ್ತು ಮ್ಯಾಗ್ನೆಟ್‌ನಲ್ಲಿ ಮಂಜುಗಡ್ಡೆಯ ಪಂಜರ

ಒಂದು ಅಣುವಿನ ಹೈಡ್ರೋಜನ್ನಿಗೂ ಪಕ್ಕದ ಅಣುವಿಗೂ ನಡುವಿನ ಸೆಳೆತವೇ ಹೈಡ್ರೋಜನ್ ಬಂಧ. ಪಠ್ಯದ ಚಿತ್ರಗಳಲ್ಲಿ ಅದು ಒಂದು ಚುಕ್ಕಿಗೆರೆ. ಚುಕ್ಕಿಗೆರೆಯನ್ನು ಯಾವ ದಿಕ್ಕಿಗೆ, ಎಷ್ಟು ಉದ್ದಕ್ಕೆ ಬೇಕಾದರೂ ಎಳೆಯಬಹುದು. ಬಂಧಕ್ಕೆ ಆ ಸಲಿಗೆ ಇಲ್ಲ. ಅದಕ್ಕೆ ಗೊತ್ತಾದ ಕೋನ ಬೇಕು, ಗೊತ್ತಾದ ದೂರ ಬೇಕು. ಎರಡರಲ್ಲಿ ಒಂದು ತಪ್ಪಿದರೂ ಮಂಜುಗಡ್ಡೆಯ ಜಾಲ ಕೂಡಿಕೊಳ್ಳುವುದಿಲ್ಲ. ಇಲ್ಲಿ ಕಟ್ಟುವ ಮಾದರಿಯ ಉದ್ದೇಶ ಇಷ್ಟೇ: ಹನ್ನೆರಡು ನೀರಿನ ಅಣುಗಳನ್ನು ಬಿಡಿಬಿಡಿಯಾಗಿ ಮಾಡಿ, ಅಂಟಿಲ್ಲದೆ, ಮ್ಯಾಗ್ನೆಟ್ ಹಿಡಿತದಿಂದಲೇ ಷಡ್ಭುಜೀಯ ಮಂಜುಗಡ್ಡೆಯ ಒಂದು ಪಂಜರ ನಿಲ್ಲಿಸುವುದು.

ಅಳತೆ ನಿಗದಿ

ಸ್ಕೇಲು: ಒಂದು ಆಂಗ್‌ಸ್ಟ್ರಾಮ್‌ಗೆ (ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) 15 ಮಿ.ಮೀ. ಮಂಜುಗಡ್ಡೆಯಲ್ಲಿ ಅಕ್ಕಪಕ್ಕದ ಎರಡು ಆಕ್ಸಿಜನ್‌ಗಳ ಕೇಂದ್ರಗಳ ನಡುವೆ 2.76 ಆಂಗ್‌ಸ್ಟ್ರಾಮ್ ದೂರ. ಮಾದರಿಯಲ್ಲಿ ಅದು 41.4 ಮಿ.ಮೀ. ಮುಂದಿನ ಎಲ್ಲ ಅಳತೆಗಳೂ ಈ ಸಂಖ್ಯೆಯ ಸುತ್ತಲೇ ತಿರುಗುತ್ತವೆ.

ಗುಂಡಿನ ಗಾತ್ರ ಆರಿಸುವಾಗಲೇ ಬಂಧದ ಒಂದು ಗುಟ್ಟು ಬಯಲಾಗುತ್ತದೆ. ಆಕ್ಸಿಜನ್ನಿನ ವ್ಯಾನ್ ಡರ್ ವಾಲ್ಸ್ ತ್ರಿಜ್ಯ, ಅಂದರೆ ಬಂಧವಿಲ್ಲದೆ ಬರೀ ತಾಗಿ ನಿಂತಾಗ ಪರಮಾಣುವಿನ ತ್ರಿಜ್ಯ, 1.52 ಆಂಗ್‌ಸ್ಟ್ರಾಮ್. ಅದನ್ನೇ ಹಿಡಿದರೆ ಗುಂಡಿನ ವ್ಯಾಸ 45.6 ಮಿ.ಮೀ. ಆಗಬೇಕು. ಅಷ್ಟು ದಪ್ಪದ ಎರಡು ಗಟ್ಟಿ ಗುಂಡುಗಳ ಕೇಂದ್ರಗಳನ್ನು 41.4 ಮಿ.ಮೀ. ದೂರಕ್ಕೆ ತರಲು ಸಾಧ್ಯವೇ ಇಲ್ಲ. ನಡುವೆ ಒಂದು ಹೈಡ್ರೋಜನ್ ಬೇರೆ ಇದೆ! ನಿಜವಾದ ಅಣುಗಳು ಮಾತ್ರ ಅಷ್ಟು ಹತ್ತಿರ ಬರುತ್ತವೆ. ಹೈಡ್ರೋಜನ್ 1.2, ಆಕ್ಸಿಜನ್ 1.52, ಕೂಡಿದರೆ 2.7 ಆಂಗ್‌ಸ್ಟ್ರಾಮ್ ಆಗಬೇಕಾದ ಕಡೆ ಅವುಗಳ ನಡುವಿನ ದೂರ 1.8ರ ಆಸುಪಾಸು. ಬರೀ ಪಕ್ಕಪಕ್ಕ ತಾಗಿ ನಿಂತ ಅಣುಗಳಿಗೂ ಬಂಧದಲ್ಲಿರುವ ಅಣುಗಳಿಗೂ ಇರುವ ವ್ಯತ್ಯಾಸ ಇದು: ಎಲೆಕ್ಟ್ರಾನ್ ಮೋಡಗಳು ಒಂದರೊಳಗೊಂದು ನುಗ್ಗಿರುತ್ತವೆ. ಮರ ನುಗ್ಗುವುದಿಲ್ಲವಾದ್ದರಿಂದ ಇಲ್ಲಿ ಆಕ್ಸಿಜನ್‌ಗೆ 30 ಮಿ.ಮೀ. ಗುಂಡು ಸಾಕು.

ಬೇಕಾದ ಸಾಮಾನು

30 ಮಿ.ಮೀ. ಮರದ ಗುಂಡು 12, ಮಾರ್ಕಿಂಗ್ ಅಭ್ಯಾಸಕ್ಕೂ ಉಜ್ಜುವುದಕ್ಕೂ ಇನ್ನೆರಡು. 3 ಮಿ.ಮೀ. ತೂತಿರುವ 15 ಮಿ.ಮೀ. ಮರದ ಮಣಿ 24. ಆರು ಮಿ.ಮೀ. ವ್ಯಾಸ, ಎರಡು ಮಿ.ಮೀ. ದಪ್ಪದ ನಿಯೋಡೈಮಿಯಂ ಮ್ಯಾಗ್ನೆಟ್ ಬಿಲ್ಲೆ 48. ಒಡೆಯುವುದು, ಹಾರಿಹೋಗುವುದು ಇದ್ದದ್ದೇ, 55 ಇಟ್ಟುಕೊಳ್ಳಿ. 3 ಮಿ.ಮೀ. ಬಿದಿರು ಕಡ್ಡಿ, ನಿಧಾನವಾಗಿ ಗಟ್ಟಿಯಾಗುವ ಎರಡು ಭಾಗದ ಎಪಾಕ್ಸಿ, 80 ಮತ್ತು 180 ನಂಬರಿನ ಉಪ್ಪುಕಾಗದ. ಡ್ರಿಲ್ ಬಿಟ್‌ಗಳು 2, 3 ಮತ್ತು 6 ಮಿ.ಮೀ.; ಆರರದ್ದು ನಡುವೆ ಮೊನೆ ಇರುವ ಮರದ ಬಿಟ್ ಆಗಿರಲಿ. ಕಬ್ಬಿಣ ಕೊರೆಯುವ ಬಿಟ್ ಗುಳಿಯ ತಳವನ್ನು ಶಂಕುವಿನಂತೆ ಬಿಡುತ್ತದೆ, ಬಿಲ್ಲೆ ಅಲ್ಲಾಡುತ್ತದೆ. ವರ್ನಿಯರ್ ಕ್ಯಾಲಿಪರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಥರ್ಮೊಕೋಲ್ ಗುಂಡು ಅಗ್ಗ, ಆದರೆ ಬೇಡ. ಬಿಲ್ಲೆಯನ್ನು ಎಳೆದಾಗ ಗುಳಿಯ ಗೋಡೆ ಸಮೇತ ಕಿತ್ತು ಬರುತ್ತದೆ. ಬೇಗ ಅಂಟುವ ಗೋಂದುಗಳು ಥರ್ಮೊಕೋಲನ್ನೇ ಕರಗಿಸುತ್ತವೆ.

ಒಂದು ಎಚ್ಚರಿಕೆ ಈಗಲೇ. ಚಿಕ್ಕ ಮಕ್ಕಳ ಕೈಗೆ ಬಿಡಿ ಬಿಲ್ಲೆ ಸಿಗಬಾರದು. ಎರಡು ಬಿಲ್ಲೆ ನುಂಗಿದರೆ ಅವು ಕರುಳಿನ ಎರಡು ಮಡಿಕೆಗಳಿಂದ ಒಂದನ್ನೊಂದು ಸೆಳೆದು ನಡುವಿನ ಕರುಳನ್ನು ಹಿಸುಕಿ ತೂತು ಮಾಡಬಲ್ಲವು. ಗುಂಡಿನಿಂದ ಬಿಲ್ಲೆ ಕಳಚಿದ್ದು ಕಂಡ ಕೂಡಲೇ ಆ ಅಣುವನ್ನು ಬೇರೆ ಇಡಿ.

ನಾಲ್ಕು ದಿಕ್ಕು ಗುರುತು ಹಾಕುವುದು

ಪ್ರತಿ ಆಕ್ಸಿಜನ್‌ಗೆ ನಾಲ್ಕು ದಿಕ್ಕು: ಎರಡರಲ್ಲಿ ಹೈಡ್ರೋಜನ್, ಇನ್ನೆರಡರಲ್ಲಿ ಎಲೆಕ್ಟ್ರಾನ್‌ಗಳ ಒಂಟಿ ಜೋಡಿ (ಯಾರೊಂದಿಗೂ ಹಂಚಿಕೊಳ್ಳದ ಎರಡು ಎಲೆಕ್ಟ್ರಾನ್). ಬಿಡಿ ನೀರಿನ ಅಣುವಿನಲ್ಲಿ ಎರಡು ಹೈಡ್ರೋಜನ್‌ಗಳ ನಡುವಿನ ಕೋನ 104.5°. ಇಲ್ಲಿ ಮಾತ್ರ ನಾಲ್ಕೂ ದಿಕ್ಕಿಗೆ 109.5° ಹಾಕಿ. ಮಂಜುಗಡ್ಡೆಯಲ್ಲಿ ಆಕ್ಸಿಜನ್‌ಗಳ ಜೋಡಣೆ ಹೆಚ್ಚುಕಡಿಮೆ ಆದರ್ಶ ಚತುರ್ಮುಖಿಯದ್ದೇ. ಆ ಐದು ಡಿಗ್ರಿ ಕೊರತೆಯನ್ನು ನಿಜವಾದ ಬಂಧ ಸ್ವಲ್ಪ ಬಾಗಿ ಸರಿದೂಗಿಸಿಕೊಳ್ಳುತ್ತದೆ. ಚಪ್ಪಟೆ ಬಿಲ್ಲೆಗಳು ಬಾಗುವುದಿಲ್ಲ, ಒಂದು ಅಂಚಿನಲ್ಲಿ ಬಾಯಿ ಬಿಡುತ್ತವೆ.

ಕೋನಮಾಪಕವನ್ನು ಗುಂಡಿನ ಮೇಲೆ ಇಟ್ಟು ಹೆಣಗುವುದು ವ್ಯರ್ಥ. ಕೈವಾರ ಸಾಕು. ಗುಂಡಿನ ವ್ಯಾಸವನ್ನು ಕ್ಯಾಲಿಪರಿನಲ್ಲಿ ಅಳೆದು 0.8165ರಿಂದ ಗುಣಿಸಿ, ಅಷ್ಟಕ್ಕೆ ಕೈವಾರ ತೆರೆಯಿರಿ. 30.0 ಮಿ.ಮೀ.ಗೆ 24.5. ಗುಂಡು 29.6 ಇದ್ದರೆ 24.2. ಗುಂಡುಗಳ ಗಾತ್ರ ಒಂದೇ ಚೀಲದಲ್ಲೂ ಏರುಪೇರಾಗಿರುತ್ತದೆ, ಪ್ರತಿಯೊಂದನ್ನೂ ಅಳೆಯಿರಿ.

ಎಲ್ಲಾದರೂ ಮೊದಲ ಚುಕ್ಕಿ ಇಟ್ಟು ಅದರ ಸುತ್ತ ಪೂರ್ತಿ ವೃತ್ತ ಎಳೆಯಿರಿ. ವೃತ್ತದ ಮೇಲೆ ಎಲ್ಲಾದರೂ ಎರಡನೇ ಚುಕ್ಕಿ. ಕೈವಾರದ ಅಳತೆ ಬದಲಿಸದೆ ಎರಡನೇ ಚುಕ್ಕಿಯಿಂದ ಕಮಾನು ಎಳೆದರೆ ಅದು ವೃತ್ತವನ್ನು ಎರಡು ಕಡೆ ಕತ್ತರಿಸುತ್ತದೆ. ಅವೇ ಮೂರು ಮತ್ತು ನಾಲ್ಕನೇ ಚುಕ್ಕಿ. ಈಗ ಮೂರಕ್ಕೂ ನಾಲ್ಕಕ್ಕೂ ನಡುವೆ ಕೈವಾರ ಇಟ್ಟು ನೋಡಿ, ಅದೇ 24.5 ಬರಬೇಕು.

ಈ ಕೊನೆಯ ಪರೀಕ್ಷೆ ಬಹಳ ಚುರುಕು. ಕೈವಾರ 0.2 ಮಿ.ಮೀ. ಹೆಚ್ಚು ತೆರೆದಿದ್ದರೆ ಮೂರು-ನಾಲ್ಕರ ಅಂತರ ಸುಮಾರು 1.2 ಮಿ.ಮೀ. ಕಡಿಮೆ ಬೀಳುತ್ತದೆ, ಅಂದರೆ ತಪ್ಪು ಐದಾರು ಪಟ್ಟು ದೊಡ್ಡದಾಗಿ ಕಣ್ಣಿಗೆ ಬೀಳುತ್ತದೆ. ಕೊನೆಯ ಅಂತರ ಕಿರಿದಾಗಿದ್ದರೆ ಕೈವಾರ ಮುಚ್ಚಿ, ಹಿರಿದಾಗಿದ್ದರೆ ತೆರೆಯಿರಿ, ಗುರುತು ಉಜ್ಜಿ ಮತ್ತೆ ಹಾಕಿ. ಕೊರೆದಾದ ಮೇಲೆ ತಿದ್ದಲು ದಾರಿಯಿಲ್ಲ.

ಒಂಟಿ ಜೋಡಿಗಳು ಹೀಗೆ ಎರಡು ಕಿವಿಗಳಂತೆ ಬೇರೆಬೇರೆ ನಿಂತಿರುತ್ತವೆ ಎಂದು ಮಾತ್ರ ನಂಬಬೇಡಿ. ಬಿಡಿ ಅಣುವಿನಲ್ಲಿ ಆ ಋಣ ಆವೇಶ ಆಕ್ಸಿಜನ್ನಿನ ಬೆನ್ನಿಗೆ ಒಂದು ಪಟ್ಟಿಯಂತೆ ಹರಡಿಕೊಂಡಿರುತ್ತದೆ. ಎರಡು ಗುಳಿ ಎಂಬುದು ಮಂಜುಗಡ್ಡೆಯ ಜೋಡಣೆಗೆ ಒಪ್ಪುವ ಅನುಕೂಲದ ಲೆಕ್ಕ.

ಕೊರೆಯುವುದು

ದಪ್ಪ ಹಲಗೆಯಲ್ಲಿ 20 ಮಿ.ಮೀ. ತೂತು ಮಾಡಿ ಅದರ ಮೇಲೆ ಗುಂಡನ್ನು ಕೂರಿಸಿದರೆ ಅದು ಉರುಳುವುದಿಲ್ಲ. ಕೊರೆಯಬೇಕಾದ ಚುಕ್ಕಿ ಸರಿಯಾಗಿ ನೆತ್ತಿಗೆ ಬರಲಿ, ಮೇಲಿಂದ ಅಂಥದ್ದೇ ತೂತಿನ ಇನ್ನೊಂದು ಹಲಗೆ ಇಟ್ಟು ಕ್ಲಾಂಪ್ ಹಾಕಿ. ನಾಲ್ಕೂ ಕಡೆ 2 ಮಿ.ಮೀ. ಬಿಟ್‌ನಿಂದ ದಾರಿ ಮಾಡಿ. ಹೈಡ್ರೋಜನ್ ಬರುವ ಎರಡು ಕಡೆ 3 ಮಿ.ಮೀ. ಬಿಟ್‌ನಿಂದ 6 ಮಿ.ಮೀ. ಆಳ, ಒಂಟಿ ಜೋಡಿಯ ಎರಡು ಕಡೆ 6 ಮಿ.ಮೀ. ಬಿಟ್‌ನಿಂದ 2.3 ಮಿ.ಮೀ. ಆಳ.

ಬಿಲ್ಲೆಯ ದಪ್ಪ ಎರಡೇ ಇರುವಾಗ 2.3 ಏಕೆ? ಗುಂಡಿನ ಮೇಲ್ಮೈ ಬಾಗಿರುವುದರಿಂದ 6 ಮಿ.ಮೀ. ಗುಳಿಯ ಅಂಚು ನೆತ್ತಿಗಿಂತ 0.3 ಮಿ.ಮೀ. ಕೆಳಗಿರುತ್ತದೆ. ಬಿಲ್ಲೆಯ ಮುಖ ಈ ಅಂಚಿಗೆ ಸಮವಾಗಿ ನಿಲ್ಲಬೇಕು. ಒಳಗೆ ಹೂತರೆ ಹಿಡಿತ ಸಡಿಲ. ಹೊರಗೆ ಉಬ್ಬಿದರೆ ಜೋಡಿ ಬಿಡಿಸುವಾಗ ಬಿಲ್ಲೆಯ ಅಂಚು ಚಕ್ಕೆ ಏಳುತ್ತದೆ. ಬಿಲ್ಲೆ ಬಿಗಿಯಾದರೆ ಸುತ್ತಿಗೆಯಿಂದ ತಟ್ಟಬೇಡಿ, ನಿಯೋಡೈಮಿಯಂ ಗಾಜಿನಂತೆ ಒಡೆಯುತ್ತದೆ. ಬಿಟ್ ಅನ್ನು ಇನ್ನೊಮ್ಮೆ ಒಳಗೆ ಆಡಿಸಿ ಮರದ ನಾರು ತೆಗೆಯಿರಿ.

ಹೈಡ್ರೋಜನ್ ಮಣಿ

ಇಡೀ ಕೆಲಸದಲ್ಲಿ ತಾಳ್ಮೆ ಬೇಡುವುದು ಇದೇ. ಮಣಿಯ ಹಿಂಬದಿ ಆಕ್ಸಿಜನ್ ಗುಂಡಿನ ಬಾಗಿಗೆ ಒಪ್ಪುವಂತೆ ಕುಳಿಯಾಗಬೇಕು, ಉದ್ದವೂ ಕರಾರುವಾಕ್ಕಾಗಿ ಬರಬೇಕು.

ಹೆಚ್ಚುವರಿ ಗುಂಡಿಗೆ 80ರ ಉಪ್ಪುಕಾಗದವನ್ನು ಬಿಗಿಯಾಗಿ ಅಂಟಿಸಿ ವೈಸ್‌ನಲ್ಲಿ ಹಿಡಿಸಿ. ಮಣಿಯನ್ನು ಅದರ ಮೇಲೆ ತಿರುಗಿಸುತ್ತಾ ಉಜ್ಜಿದರೆ ಹಿಂಬದಿ ತಾನಾಗಿ ಅದೇ ಬಾಗನ್ನು ಪಡೆಯುತ್ತದೆ. ಮಣಿಯ ಮುಂದಿನ ತೂತಿನ ಅಂಚಿನಿಂದ ಹಿಂದಿನ ಕುಳಿಯ ನಡುವಿನವರೆಗೆ 12.2 ಮಿ.ಮೀ. ಉಳಿದಾಗ ನಿಲ್ಲಿಸಿ. ಆಮೇಲೆ ಬಿದಿರು ಕಡ್ಡಿಗೆ ಎಪಾಕ್ಸಿ ಸವರಿ ತೂರಿಸಿ: ಮುಂದೆ ತೂತಿನ ಅಂಚಿಗೆ ಸಮ, ಹಿಂದೆ 5.5 ಮಿ.ಮೀ. ಹೊರಗೆ. ಅಂಟು ಒಣಗಿದ ಮೇಲೆ ಮುಂಬದಿಯಲ್ಲಿ 6 ಮಿ.ಮೀ. ಗುಳಿ ಕೊರೆಯಿರಿ, ಆಳ 2.5. ಕಡ್ಡಿ ತುಂಬುವ ಮುಂಚೆ ಕೊರೆಯಲು ಹೋದರೆ ಬಿಟ್‌ನ ಮೊನೆಗೆ ಕಚ್ಚಲು ಮರವೇ ಸಿಗುವುದಿಲ್ಲ, ಗುಳಿ ಒಂದು ಪಕ್ಕಕ್ಕೆ ಜಾರುತ್ತದೆ.

ಈಗ ಬಿಲ್ಲೆ ಕೂತ ಮೇಲೆ ಅದರ ಮುಖದಿಂದ ಹಿಂದಿನ ಕುಳಿಗೆ 11.7 ಮಿ.ಮೀ. ಲೆಕ್ಕ ಹೀಗೆ: ಆಕ್ಸಿಜನ್ ಕೇಂದ್ರದಿಂದ ಮೇಲ್ಮೈಗೆ 15, ಮಣಿ 11.7, ಎದುರಿನ ಆಕ್ಸಿಜನ್ನಿನ ಬಿಲ್ಲೆ ಮುಖದಿಂದ ಅದರ ಕೇಂದ್ರಕ್ಕೆ 14.7. ಒಟ್ಟು 41.4.

ಮಣಿ ಎಂದರೆ ಪ್ರೋಟಾನ್ (ಹೈಡ್ರೋಜನ್ನಿನ ನಡುವಿನ ಧನ ಕಣ) ಎಂದುಕೊಂಡರೆ ತಪ್ಪಾಗುತ್ತದೆ. ಅಣುವಿನೊಳಗೆ ಎಲೆಕ್ಟ್ರಾನ್ ಹಂಚಿಕೊಂಡು ಆಗುವ ಆಕ್ಸಿಜನ್-ಹೈಡ್ರೋಜನ್ ಸಹವೇಲೆನ್ಸೀಯ ಬಂಧದ ಉದ್ದ 0.96 ಆಂಗ್‌ಸ್ಟ್ರಾಮ್, ಈ ಸ್ಕೇಲಿನಲ್ಲಿ 14.4 ಮಿ.ಮೀ. ಪ್ರೋಟಾನ್ ಇರಬೇಕಾದ ಜಾಗ ಮರದ ಗುಂಡಿನ ಚರ್ಮದ ಒಳಗೇ, ಮಣಿ ಶುರುವಾಗುವ ಮುಂಚೆ! ಮಣಿ ತೋರಿಸುವುದು ಆ ಪ್ರೋಟಾನಿನ ಸೆಳೆತ ಎಲ್ಲಿಯವರೆಗೆ ಚಾಚುತ್ತದೆ ಎಂಬುದನ್ನು.

ಧ್ರುವ ಯಾವ ಕಡೆಗೆ

ನಿಯಮ ಒಂದೇ. ಹೈಡ್ರೋಜನ್‌ಗಳಲ್ಲಿ ಉತ್ತರ ಧ್ರುವ ಹೊರಗೆ, ಒಂಟಿ ಜೋಡಿಗಳಲ್ಲಿ ದಕ್ಷಿಣ ಹೊರಗೆ. ಹೈಡ್ರೋಜನ್ನಿನ ವಿದ್ಯುದೃಣತೆ (ಬಂಧದ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಸೆಳೆಯುವ ಬಲದ ಅಳತೆ) 2.20, ಆಕ್ಸಿಜನ್ನಿನದು 3.44. ಹಂಚಿಕೊಂಡ ಎಲೆಕ್ಟ್ರಾನ್‌ಗಳು ಆಕ್ಸಿಜನ್ ಕಡೆ ವಾಲುವುದರಿಂದ ಹೈಡ್ರೋಜನ್ ಅರೆಬರೆ ಧನವಾಗುತ್ತದೆ. ಬಂಧ ಕಟ್ಟುವ ಮಿಕ್ಕ ಧಾತುಗಳಿಗಿಲ್ಲದ ಒಂದು ಗುಣ ಹೈಡ್ರೋಜನ್‌ಗಿದೆ: ಅದಕ್ಕೆ ಒಳಪದರದ ಎಲೆಕ್ಟ್ರಾನ್ ಇಲ್ಲ. ಇದ್ದ ಒಂದು ಎಲೆಕ್ಟ್ರಾನ್ ಸರಿದರೆ ಪ್ರೋಟಾನ್ ಹೆಚ್ಚುಕಡಿಮೆ ಬೆತ್ತಲೆ. ಹಾಗಾಗಿ ಪಕ್ಕದ ಅಣುವಿನ ಒಂಟಿ ಜೋಡಿ ಅಷ್ಟು ಹತ್ತಿರ ಬರಬಲ್ಲದು.

ಒಂದು ಕಡ್ಡಿಯ ತುದಿಗೆ ಉತ್ತರ ಧ್ರುವ ಹೊರಗಿರುವಂತೆ ಬಿಲ್ಲೆ ಅಂಟಿಸಿ, ಹೊರಮುಖಕ್ಕೆ ಕೆಂಪು ಬಳಿದು ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ. ಕೆಂಪು ಮುಖ ತಳ್ಳಿದರೆ ಹೈಡ್ರೋಜನ್ ಮುಖ, ಸೆಳೆದರೆ ಒಂಟಿ ಜೋಡಿಯ ಮುಖ. ಎಪಾಕ್ಸಿ ಹಾಕುವ ಮುಂಚೆ ಒಮ್ಮೆ, ಹಾಕಿ ಕೂರಿಸಿದ ಮೇಲೆ ಇನ್ನೊಮ್ಮೆ ನೋಡಿ. ಹಸಿ ಅಂಟಿನಲ್ಲಿರುವ ಬಿಲ್ಲೆ ಪಕ್ಕದ ಬಿಲ್ಲೆಯ ಸೆಳೆತಕ್ಕೆ ಗುಳಿಯಿಂದ ಹಾರಿ, ತಲೆಕೆಳಗಾಗಿ ಅಂಟಿಕೊಳ್ಳುವುದೇ ಈ ಕಟ್ಟೋಣದಲ್ಲಿ ಅತಿ ಹೆಚ್ಚು ಆಗುವ ಅವಾಂತರ. ಆದ್ದರಿಂದ ಒಂದು ಸಲಕ್ಕೆ ಒಂದು ಗುಂಡಿಗೆ ಒಂದೇ ಬಿಲ್ಲೆ, ಗುಂಡುಗಳ ನಡುವೆ ಒಂದು ಗೇಣು ಅಂತರ, ಒಂದು ದಿನ ಒಣಗಲು ಬಿಡಿ. ಬಿಲ್ಲೆಯ ಹಿಂಬದಿಯ ನಿಕ್ಕಲ್ ಲೇಪ ನುಣುಪು. 180ರ ಕಾಗದದಲ್ಲಿ ನಾಲ್ಕು ಗೀರು ಹಾಕಿದರೆ ಅಂಟು ಕಚ್ಚುತ್ತದೆ. ಗ್ಲೂ ಗನ್ ಬೇಡವೇ ಬೇಡ: ಅದರ ಅಂಟು ನಿಕ್ಕಲಿಗೆ ಹಿಡಿಯುವುದಿಲ್ಲ, ಮೇಲಾಗಿ ಸಾಮಾನ್ಯ ನಿಯೋಡೈಮಿಯಂ 80 °ಸೆ. ದಾಟಿದರೆ ಬಲ ಕಳೆದುಕೊಳ್ಳುತ್ತದೆ.

ಬಣ್ಣ ರೂಢಿಯಂತೆ ಆಕ್ಸಿಜನ್‌ಗೆ ಕೆಂಪು, ಹೈಡ್ರೋಜನ್‌ಗೆ ಬಿಳಿ. ಬಿಲ್ಲೆಯ ಮುಖಕ್ಕೆ ತಾಗಿಸಬೇಡಿ.

ಮೊದಲ ಬಂಧ

ಎರಡು ಅಣು ತಯಾರಾದ ಕೂಡಲೇ ಜೋಡಿಸಿ, ಎರಡೂ ಆಕ್ಸಿಜನ್ ಗುಂಡುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಕ್ಯಾಲಿಪರ್ ಹಿಡಿಯಿರಿ. 71.4 ಮಿ.ಮೀ. ಬರಬೇಕು, ಮೂರು ಹತ್ತನೇ ಮಿ.ಮೀ. ಆಚೀಚೆ ಪರವಾಗಿಲ್ಲ. ಹೆಚ್ಚು ಬಂದರೆ ಬಿಲ್ಲೆಗಳ ನಡುವೆ ಒಣಗಿದ ಎಪಾಕ್ಸಿಯ ಗುಳ್ಳೆ ಇದೆಯೇ ನೋಡಿ; ಸಾಮಾನ್ಯವಾಗಿ ಅದೇ.

ಇನ್ನು ಬಂಧ ಹುಟ್ಟುವ ಬಗೆ. ಒಂದು ಅಣುವನ್ನು ತೆಳು ದಾರಕ್ಕೆ ತೂಗುಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಧಾನ ಹತ್ತಿರ ತನ್ನಿ. ಹೈಡ್ರೋಜನ್ ಎದುರಿಗೆ ಹೈಡ್ರೋಜನ್ ಬಂದರೆ ತೂಗುವ ಅಣು ಮುಖ ತಿರುಗಿಸುತ್ತದೆ. ಸೆಂಟಿಮೀಟರಿನ ಆಸುಪಾಸಿಗೆ ಬಂದಾಗ ಸರಕ್ಕನೆ ಹೊರಳಿ, ಒಂಟಿ ಜೋಡಿಯ ಗುಳಿಯನ್ನು ಎದುರಿಗೆ ತಂದು ಟಕ್ಕೆಂದು ಕೂರುತ್ತದೆ. ಮೊದಲು ತಿರುಗುವುದು, ಆಮೇಲೆ ಕೂರುವುದು. ಕೂತ ಮೇಲೆ ಆಕ್ಸಿಜನ್, ಹೈಡ್ರೋಜನ್, ಎದುರಿನ ಆಕ್ಸಿಜನ್ ಮೂರೂ ಒಂದೇ ಗೆರೆಯಲ್ಲಿ. ರಸಾಯನವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಪಿಎಸಿ 2011ರಲ್ಲಿ ಪ್ರಕಟಿಸಿದ ವ್ಯಾಖ್ಯೆಯೂ ಈ ಕೋನ ಸಾಮಾನ್ಯವಾಗಿ 180°ಯ ಕಡೆ ವಾಲುತ್ತದೆ, 110° ಮೀರಿರುವುದು ಒಳಿತು ಎನ್ನುತ್ತದೆ.

ಮ್ಯಾಗ್ನೆಟ್ ಇಲ್ಲಿ ಎರಡು ಸುಳ್ಳು ಹೇಳುತ್ತದೆ. ಒಂದು, ಬಿಲ್ಲೆಗಳ ಸೆಳೆತ ದೂರ ಹೋದಂತೆ ತೀರಾ ಬೇಗ ಕುಸಿಯುತ್ತದೆ. ನಿಜವಾದ ಅಣುಗಳು ಇನ್ನೂ ದೂರದಿಂದಲೇ ಒಂದನ್ನೊಂದು ಗಮನಿಸುತ್ತವೆ. ಎರಡು, ಬಂಧ ಕೂತ ಮೇಲೆ ಒಳಗಿನ ಸಹವೇಲೆನ್ಸೀಯ ಬಂಧ ಬದಲಾಗದೆ ಉಳಿಯುತ್ತದೆ. ನಿಜದಲ್ಲಿ ಅದು ತುಸು ಉದ್ದವಾಗಿ ಸಡಿಲಗೊಳ್ಳುತ್ತದೆ. ಅವಗೆಂಪು ವರ್ಣಪಟಲದಲ್ಲಿ ನೀರಾವಿಯ ಆಕ್ಸಿಜನ್-ಹೈಡ್ರೋಜನ್ ಕಂಪನ ಸೆಂಟಿಮೀಟರಿಗೆ 3657 ಮತ್ತು 3756 ಅಲೆಗಳಲ್ಲಿ ಕಂಡರೆ, ದ್ರವದಲ್ಲಿ 3400ರ ಸುತ್ತ ಅಗಲವಾಗಿ ಹರಡಿಕೊಳ್ಳುತ್ತದೆ. ಬಂಧ ಆಯಿತು ಎನ್ನುವುದಕ್ಕೆ ಪ್ರಯೋಗಾಲಯದಲ್ಲಿ ಸಿಗುವ ಗಟ್ಟಿ ಸಾಕ್ಷಿಗಳಲ್ಲಿ ಇದೊಂದು.

ಬಲದ ಅನುಪಾತ ಮಾತ್ರ ಒಪ್ಪುವಂತಿದೆ: ಎಳೆದರೆ ಮ್ಯಾಗ್ನೆಟ್ ಬಿಡಬೇಕು, ಮಣಿ ಕೀಳಬಾರದು. ನೀರಿನಲ್ಲಿ ಹೈಡ್ರೋಜನ್ ಬಂಧ ಮೋಲ್‌ಗೆ ಸುಮಾರು 21 ಕಿಲೋಜೂಲ್, ಸಹವೇಲೆನ್ಸೀಯ ಬಂಧ ಸುಮಾರು 460.

ಪಂಜರ ಕಟ್ಟುವುದು

ಆರು ಅಣುಗಳ ಒಂದು ಉಂಗುರ ಮೊದಲು. ಮೇಜಿನ ಮೇಲೆ ಚಪ್ಪಟೆಯಾಗಿ ಕೂರಿಸಲು ಹೋಗಬೇಡಿ, ಅದು ಚಪ್ಪಟೆ ಷಡ್ಭುಜವಲ್ಲ. ಒಂದು ಬಿಟ್ಟು ಒಂದು ಅಣು ಮೇಲೆದ್ದು, ನಡುವಿನವು ಕೆಳಗಿಳಿದು ಕುರ್ಚಿಯ ಆಕಾರ ಬರುತ್ತದೆ. ಎದುರುಬದುರು ಇರುವ ಎರಡು ಗುಂಡುಗಳ ಒಳಮೈಗಳ ನಡುವೆ 49 ಮಿ.ಮೀ. ಇರಬೇಕು, ಅಷ್ಟುದ್ದದ ಕಡ್ಡಿ ಕತ್ತರಿಸಿ ಮೂರೂ ಜೋಡಿಗಳ ನಡುವೆ ಇಟ್ಟು ನೋಡುವುದು ಸುಲಭ. ಒಂದು ಜೋಡಿಯಲ್ಲಿ ಕಡ್ಡಿ ಬಿದ್ದುಹೋಗಿ ಇನ್ನೊಂದರಲ್ಲಿ ಸಿಕ್ಕಿಕೊಂಡರೆ ಯಾವುದೋ ಗುಂಡಿನ ಕೋನ ತಪ್ಪಿದೆ.

ಉಂಗುರದ ಆರನೇ ಅಣು ಕೂರದೆ ತಳ್ಳಿಕೊಳ್ಳುತ್ತಿದ್ದರೆ ಅದು ಅಳತೆಯ ತಪ್ಪಲ್ಲ. ಕೊನೆಯ ಎರಡು ಗುಂಡುಗಳ ನಡುವೆ ಎರಡು ಹೈಡ್ರೋಜನ್ ಎದುರಾಗಿವೆ, ಇಲ್ಲವೇ ಎರಡು ಖಾಲಿ ಗುಳಿ. ವಿಜ್ಞಾನಿಗಳಾದ ಬರ್ನಾಲ್ ಮತ್ತು ಫೌಲರ್ 1933ರಲ್ಲಿ ಬರೆದ ಮಂಜುಗಡ್ಡೆ ನಿಯಮ ಇದೇ: ಪ್ರತಿ ಆಕ್ಸಿಜನ್‌ಗೆ ತನ್ನವೇ ಎರಡು ಹೈಡ್ರೋಜನ್, ಪ್ರತಿ ಬಂಧದ ಮೇಲೆ ಒಂದೇ ಒಂದು. ಆರನೆಯದನ್ನು ಮಾತ್ರ ತಿರುಗಿಸಿ ಬಗೆಹರಿಯದಿದ್ದರೆ ಐದನೆಯದನ್ನೂ ತಿರುಗಿಸಬೇಕಾಗುತ್ತದೆ, ಅದು ನಾಲ್ಕನೆಯದನ್ನು ಕೆಡಿಸುತ್ತದೆ. ಹೀಗಿದ್ದರೂ ಒಪ್ಪುವ ಜೋಡಣೆಗಳು ಒಂದಲ್ಲ, ಹಲವು. ನಿಜವಾದ ಮಂಜುಗಡ್ಡೆಯಲ್ಲಿ ಅವುಗಳ ಸಂಖ್ಯೆ ಅಣುವೊಂದಕ್ಕೆ ಒಂದೂವರೆ ಪಟ್ಟಿನಂತೆ ಬೆಳೆಯುತ್ತದೆ ಎಂದು ರಸಾಯನವಿಜ್ಞಾನಿ ಪಾಲಿಂಗ್ 1935ರಲ್ಲಿ ಲೆಕ್ಕ ಹಾಕಿದರು. ಮಂಜುಗಡ್ಡೆಯನ್ನು ನಿರಪೇಕ್ಷ ಶೂನ್ಯದತ್ತ ತಣಿಸಿದರೂ ಮೋಲ್‌ಗೆ, ಕೆಲ್ವಿನ್‌ಗೆ 3.4 ಜೂಲ್‌ನಷ್ಟು ಎಂಟ್ರೋಪಿ (ಅವ್ಯವಸ್ಥೆಯ ಅಳತೆ) ಉಳಿದುಬಿಡುವುದು ಇದರಿಂದಲೇ.

ಎರಡನೇ ಉಂಗುರವನ್ನು ಮೊದಲನೆಯದರ ಕನ್ನಡಿಬಿಂಬದಂತೆ ಕಟ್ಟಿ ಮೇಲಿಡಿ. ಕೆಳ ಉಂಗುರದ ಮೇಲೆದ್ದ ಮೂರು ಅಣುಗಳಿಗೆ ಮೇಲಿನದರ ಕೆಳಗಿಳಿದ ಮೂರು ಅಣುಗಳು ನೇರ ಎದುರಾಗಬೇಕು. ಒಂದೇ ಕೊಂಡಿ ಕೂತಾಗ ಮೇಲಿನ ಉಂಗುರ ಗಿರಕಿ ಹೊಡೆಯುತ್ತದೆ. ಮೂರೂ ಕೂತಾಗ ಬೀಗ ಹಾಕಿದಂತೆ ನಿಲ್ಲುತ್ತದೆ. ಪಕ್ಕದಿಂದ ನೋಡಿ: ಮೂರು ಗೋಡೆಗಳೂ ಆರು ಅಣುಗಳ ಉಂಗುರಗಳೇ, ಆದರೆ ಕುರ್ಚಿಯಲ್ಲ, ದೋಣಿಯ ಆಕಾರ. ಅಣು 12, ಬಂಧ 15, ಬಳಕೆಯಾಗದೆ ಉಳಿದ ಹೈಡ್ರೋಜನ್ 9, ಗುಳಿ 9. ಈ ಎಣಿಕೆ ತಪ್ಪಿದರೆ ಎಲ್ಲೋ ಒಂದು ಜೋಡಿ ಕೂತಂತೆ ಕಂಡರೂ ಕೂತಿಲ್ಲ.

ನಡುವಿನ ಟೊಳ್ಳಿನಲ್ಲಿ ಮಣಿ ಹಾಕದ 30 ಮಿ.ಮೀ. ಗುಂಡೊಂದು ಸಲೀಸಾಗಿ ಇಳಿದುಹೋಗುತ್ತದೆ. ಮಂಜುಗಡ್ಡೆ ನೀರಿನ ಮೇಲೆ ತೇಲುವುದಕ್ಕೆ ಕಾರಣ ಈ ಖಾಲಿ ಜಾಗ: ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 0.917 ಗ್ರಾಂ. ಆದರೆ ಟೊಳ್ಳು ಇಲ್ಲಿ ಕಾಣುವಷ್ಟು ದೊಡ್ಡದಲ್ಲ. ಗುಂಡುಗಳನ್ನು ಚಿಕ್ಕದಾಗಿ ಆರಿಸಿದ್ದರ ಫಲ ಅದು. ನೀರಿನ ಸಾಂದ್ರತೆ ತೋರಿಸಲೆಂದು ಅಣುಗಳನ್ನು ಡಬ್ಬಿಗೆ ಹಾಕಿ ಕುಲುಕುವುದೂ ಬೇಡ, ಅವು ಅಡ್ಡಾದಿಡ್ಡಿ ಕಚ್ಚಿಕೊಂಡು ಮಂಜುಗಡ್ಡೆಗಿಂತ ಹೆಚ್ಚು ಜಾಗ ತಿನ್ನುತ್ತವೆ.

ಕರಗುವುದನ್ನು ಬೇರೆ ರೀತಿ ತೋರಿಸಬಹುದು. ಕೂತಿರುವ ಒಂದು ಹೈಡ್ರೋಜನ್ನಿನ ಪಕ್ಕಕ್ಕೆ ಮೂರನೇ ಅಣುವಿನ ಗುಳಿಯನ್ನು ಓರೆಯಾಗಿ ತಂದರೆ ಹೈಡ್ರೋಜನ್ ಹಳೆಯದನ್ನು ಬಿಟ್ಟು ಹೊಸದಕ್ಕೆ ಜಿಗಿಯುತ್ತದೆ. ದ್ರವ ನೀರಿನಲ್ಲಿ ಒಂದು ಬಂಧದ ಆಯುಸ್ಸು ಸುಮಾರು ಒಂದು ಪಿಕೊಸೆಕೆಂಡು (ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು). ಆದರೂ ಬಂಧಗಳ ಒಟ್ಟು ಸಂಖ್ಯೆ ಹೆಚ್ಚೇನೂ ಇಳಿಯುವುದಿಲ್ಲ: ಮಂಜುಗಡ್ಡೆಯನ್ನು ನೇರವಾಗಿ ಆವಿ ಮಾಡಲು ಮೋಲ್‌ಗೆ ಸುಮಾರು 51 ಕಿಲೋಜೂಲ್ ಬೇಕು, ಕರಗಿಸಲು 6 ಸಾಕು.

ಇನ್ನಷ್ಟು ಗುಂಡು, ಮಣಿ, ಬಿಲ್ಲೆ ಇದ್ದರೆ

ನಾಲ್ಕು ಮಣಿ ಅಂಟಿಸಿ, ಬಿಲ್ಲೆ ಒಂದನ್ನೂ ಹಾಕದ ಗುಂಡು ಮೀಥೇನ್. ತೂಕದಲ್ಲಿ ನೀರಿನ ಅಣುವಿಗೆ ಹತ್ತಿರ, 16ಕ್ಕೆ 18. ಪಂಜರಕ್ಕೆ ತಾಗಿಸಿದರೆ ಮರಕ್ಕೆ ಮರ ತಾಗಿ ಜಾರುತ್ತದೆ, ಅಷ್ಟೇ. ಕುದಿಬಿಂದು −161 °ಸೆ.

ಮೂರು ಹೈಡ್ರೋಜನ್, ಒಂದು ಗುಳಿ ಕೊಟ್ಟರೆ ಅಮೋನಿಯ. ಒಂದು ಹೈಡ್ರೋಜನ್, ಮೂರು ಗುಳಿ ಕೊಟ್ಟರೆ ಹೈಡ್ರೋಜನ್ ಫ್ಲೋರೈಡ್. ನಾಲ್ಕು ನಾಲ್ಕು ಮಾಡಿ ಜೋಡಿಸಿ ನೋಡಿ. ಅಮೋನಿಯದಲ್ಲಿ ಗುಳಿ ಮುಗಿದುಹೋಗುತ್ತದೆ, ಫ್ಲೋರೈಡಿನಲ್ಲಿ ಹೈಡ್ರೋಜನ್ ಮುಗಿದುಹೋಗುತ್ತದೆ. ಎರಡರಲ್ಲೂ ಅಣುವೊಂದಕ್ಕೆ ಸರಾಸರಿ ಒಂದು ಬಂಧ ಸಿಕ್ಕಿದರೆ ಹೆಚ್ಚು. ನೀರಿಗೆ ಎರಡು. ಕುದಿಬಿಂದುಗಳು ಕ್ರಮವಾಗಿ −33, 19.5 ಮತ್ತು 100 °ಸೆ. ಫ್ಲೋರೈಡಿನ ಒಂದೊಂದು ಬಂಧ ನೀರಿನದಕ್ಕಿಂತ ಗಟ್ಟಿ, ಆದರೂ ಎಣಿಕೆಯಲ್ಲಿ ಸೋಲುತ್ತದೆ. ಘನ ಅಮೋನಿಯವನ್ನು ಮಾತ್ರ ಈ ಗುಂಡುಗಳಲ್ಲಿ ಕಟ್ಟಲಾಗದು: ಅಲ್ಲಿ ಒಂದೇ ಒಂಟಿ ಜೋಡಿಯನ್ನು ಮೂರು ಹೈಡ್ರೋಜನ್‌ಗಳು ಉದ್ದವಾದ, ದುರ್ಬಲ ಬಂಧಗಳಲ್ಲಿ ಹಂಚಿಕೊಳ್ಳುತ್ತವೆ, ಒಂದು ಗುಳಿಯಲ್ಲಿ ಮೂರು ಬಿಲ್ಲೆ ಕೂರುವುದಿಲ್ಲ.